ಮಣ್ಣು ಮುಚ್ಚುವ ಮುಂಚೆ

ಹೊಳೆಯ ದಂಡೆ ಮೇಲೊಂದು ಆಶ್ರಮ. ಅಲ್ಲಿ ಗುರು ಶಾಂತಮಲ್ಲಯ್ಯ, ಶಿಷ್ಯ ಕೆಂಡಗಣ್ಣ. ಇಬ್ಬರೇ.

ಆ ಸೀಮೆಯಲ್ಲಿ ಜನ ಗುರುಗಳನ್ನು 'ಬುದ್ಧಿ' ಅಂತಲೇ ಕರೆಯೋದು. ಕೆಂಡಗಣ್ಣನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಕರೆಯದಿದ್ದರೂ ಅವನು ಬರುತ್ತಿದ್ದ. ಹೆಂಚು ಹೊದಿಸೋದಾ, ಹೋರಿ ಪಳಗಿಸೋದಾ, ಹಾವು ಹಿಡಿಯೋದಾ, ಕೆಂಡಗಣ್ಣನಿಗೆ ಬಾರದ ಕೆಲಸ ಅನ್ನೋದು ಭೂಮಿ ಮೇಲೆ ಇನ್ನೂ ಹುಟ್ಟಿರಲಿಲ್ಲ. ಈ ಮಾತು ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಅವನೇ ಹೇಳುತ್ತಿದ್ದ.

ಆಶ್ರಮದ ಪಾಯಿಖಾನೆಯಿಂದ ಹಿತ್ತಲ ಇಂಗುಗುಂಡಿಯವರೆಗೆ ಪೈಪು ಹಾಕಿದವನೂ ಅವನೇ. ಅರವತ್ತು ಅಡಿ. ಒಬ್ಬನೇ, ಎರಡೇ ಹಗಲು.

ಎರಡನೇ ದಿನ ಸಂಜೆ ಗುದ್ದಲಿ ಊರಿಕೊಂಡು ನಿಂತು ಕೇಳಿದ್ದ.

"ಮುಚ್ಚಲಾ ಬುದ್ಧಿ?"

"ನೀರು ಬಿಟ್ಟು ನೋಡಿದೆಯಾ?"

"ನನ್ನ ಕೈಕೆಲಸಕ್ಕೂ ಪರೀಕ್ಷೆನಾ? ಹತ್ತೂರಲ್ಲಿ ಹಿಂಗೆ ಪೈಪು ಜೋಡಿಸೋನು ಒಬ್ಬ ಇದ್ರೆ ಕರ್ಕೊಂಬನ್ನಿ ಬುದ್ಧಿ, ಅವನ ಕಾಲ ಕೆಳಗೆ ನುಸೀತೀನಿ."

ಗುರುಗಳು ನಕ್ಕರು. "ನಿನ್ನಿಷ್ಟ" ಅಂದು ಒಳಗೆ ಹೋದರು.

ಕೆಂಡಗಣ್ಣ ಮಣ್ಣು ಮುಚ್ಚಿ, ಮೇಲೆ ಹತ್ತಿ ಚೆನ್ನಾಗಿ ತುಳಿದ.

ಆರು ವರ್ಷ ಕಳೆಯಿತು.

ಪೈಪು ಹಾದುಹೋದ ದಾರಿಯಲ್ಲಿ ಒಂದು ಬಿಲ್ವದ ಮರ. ಬೇರೆ ಕಡೆ ಬಿಲ್ವ ಬೇಸಿಗೆಗೆ ಮುಂಚೆ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಇದು ಮಾತ್ರ ವರ್ಷವಿಡೀ ಕಪ್ಪುಹಸಿರು.

"ಎಲ್ಲಾ ನಮ್ಮ ಬುದ್ಧಿಯವರ ಮಹಿಮೆ" ಅಂತ ಬಂದವರಿಗೆಲ್ಲ ಕೆಂಡಗಣ್ಣ ತೋರಿಸುತ್ತಿದ್ದ. ಜನ ಮರ ಸುತ್ತಿ, ಎಲೆ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು.

ಗುರುಗಳು ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ.

ಮರದ ಬುಡದಲ್ಲಿ ನೆಲ ಒಂದು ಗೇಣು ಕುಸಿದಿತ್ತು. ಜನ ಸುತ್ತಿ ಸುತ್ತಿ ಸವೆದಿದೆ ಅಂದ ಕೆಂಡಗಣ್ಣ. ಪಾಯಿಖಾನೆಗೆ ನೀರು ಹುಯ್ದರೆ ಗುಳುಗುಳು ಅಂದು ತಡವಾಗಿ ಇಳಿಯುತ್ತಿತ್ತು. ಒಂದೇ ಬಿಂದಿಗೆ ಹುಯ್ದರೆ ಇನ್ನೇನಾಗುತ್ತೆ ಅಂದ. ಸಂಜೆಯಾದರೆ ನಾತ. ಹೊಳೆ ಕಡೆ ಗಾಳಿ ಅಂದ. ಎಲ್ಲಕ್ಕೂ ಅವನ ಹತ್ತಿರ ಒಂದು ಉತ್ತರ ರೆಡಿ ಇತ್ತು.

ಒಂದು ದಿನ ಚಿಕ್ಕತಾಯಮ್ಮ ಬಂದಳು. ಆಶ್ರಮದ ಕೆಳಗೆ ಇಳಿಜಾರಿನಲ್ಲಿ ಅವಳ ಮನೆ, ಮನೆ ಮುಂದೆ ಸೇದೋ ಬಾವಿ. ಗಂಡ ಮಾದಶೆಟ್ಟಿ ಗಾರೆ ಕೆಲಸದವನು. ನಲವತ್ತು ವರ್ಷ ಊರಿನ ಅರ್ಧ ಮನೆಗಳನ್ನು ಕಟ್ಟಿ, ಈಗ ಕಣ್ಣಿಗೆ ಪೊರೆ ಬಂದು ಜಗುಲಿ ಹಿಡಿದಿದ್ದ.

"ಬಾವಿ ನೀರು ನಾತ ಹೊಡೀತದೆ ಬುದ್ಧಿ. ಹದಿನೈದು ದಿನದಿಂದ ಕುಡಿಯಕ್ಕೆ ದೂರದ ಬೋರಿಂದ ಹೊರ್ತಾ ಇವ್ನಿ."

ಗುರುಗಳು ಬಾಯಿ ತೆರೆಯುವ ಮುಂಚೆ ಕೆಂಡಗಣ್ಣ ಎದ್ದು ನಿಂತಿದ್ದ.

"ನಿಮ್ಮನೆ ಪಾಯಿಖಾನೆ ಪೈಪೇ ಒಡೆದಿರ್ತದೆ ಕಣವ್ವ. ಹಳೇ ಕೆಲಸ. ನಡಿ, ನಾನು ನೋಡ್ತೀನಿ."

ಅವಳ ಮನೆ ಹತ್ತಿರ ಬರುತ್ತಿದ್ದಂತೆ ಜಗುಲಿ ಮೇಲಿಂದ ಮಾದಶೆಟ್ಟಿ ಕೂಗಿದ. "ಲೋ ಕೆಂಡಗಣ್ಣ, ಆ ಪೈಪು ನಾನೇ ಹಾಕಿದ್ದು ಕಣ್ಲಾ. ಅಡಿ ಅಡಿಗೂ ರಸಮಟ್ಟ ಇಟ್ಟು ಇಳಿಜಾರು ನೋಡಿ, ನೀರು ತುಂಬಿಸಿ ಒಂದು ದಿನ ಬಿಟ್ಟು, ಆಮೇಲೆ ಮುಚ್ಚಿದ್ದು. ಅದು ಒಡೆಯಕ್ಕಿಲ್ಲ."

"ನಿನ್ನ ಕಾಲ ಮುಗೀತು ಮಾವ. ಸುಮ್ನೆ ಕೂತ್ಕೊಂಡು ಎಲೆ ಅಡಿಕೆ ಹಾಕು."

ಅಂಗಳ ಅಗೆದ. ಜಗುಲಿಯ ಒಂದು ಮೂಲೆ ಕಿತ್ತ. ಮಧ್ಯಾಹ್ನದ ಹೊತ್ತಿಗೆ ಪೈಪು ಕಂಡಿತು.

ಕೈಯಾಡಿಸಿ ನೋಡಿದ. ಸುತ್ತ ಒಣಮಣ್ಣು, ಒಂದು ಹನಿ ಪಸೆಯಿಲ್ಲ. ಜಾಯಿಂಟುಗಳು ನಿನ್ನೆ ಕೂಡಿಸಿದ ಹಾಗೆ ಇದ್ದವು. ನೀರು ಓಡುವ ವಾಟ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಇಂಥ ಕೆಲಸವನ್ನು ಕೆಂಡಗಣ್ಣ ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಬೇಲಿಯಾಚೆ ನಾಲ್ಕು ಜನ ಬೀಡಿ ಸೇದುತ್ತಾ ಕೂತಿದ್ದರು. "ಸಿಕ್ತೇನೋ ಕೆಂಡಗಣ್ಣ? ಇಲ್ಲಾ ಹೊಳೆ ತಂಕ ಅಗೀತೀಯೋ?" ಅಂದು ನಕ್ಕರು.

ಆ ನಗುವನ್ನು ಅವನಿಗೆ ಸಹಿಸಲಾಗಲಿಲ್ಲ. ಗುಂಡಿಯೊಳಗೆ ಬಗ್ಗಿದ. ಹಾರೆಯ ತುದಿಯಿಂದ ಒಂದೇ ಏಟು.

"ಸಿಕ್ತು!" ಅಂತ ಎದ್ದ. "ಬಂದು ನೋಡ್ರೋ. ಒಡೆದು ಬಾಯಿ ಬಿಟ್ಕೊಂಡದೆ."

ಮಾದಶೆಟ್ಟಿ ಗೋಡೆ ಹಿಡಿದುಕೊಂಡು ಇಳಿದು ಬಂದ. ಕಣ್ಣಿಗೆ ಕಾಣಲಿಲ್ಲ. ಒಡೆದ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದ.

"ನಂದೇನಾ?"

"ನಿಂದೇ ಮಾವ."

ಮುದುಕ ಗೋಡೆ ಹಿಡಿದುಕೊಂಡು ವಾಪಸು ಜಗುಲಿ ಹತ್ತಿದ.

ಕೆಂಡಗಣ್ಣ ಹೊಸ ಪೈಪು ಕೂಡಿಸಿದ. ಬಾವಿಗೆ ಬ್ಲೀಚಿಂಗ್ ಪುಡಿ ಸುರಿದ. ನಾತ ಹೋಯಿತು.

"ಇನ್ನು ಧೈರ್ಯವಾಗಿ ಕುಡೀರಿ" ಅಂದ. "ಕೆಂಡಗಣ್ಣ ಕೈ ಇಟ್ಟ ಮೇಲೆ ಮುಗೀತು."

ಚಿಕ್ಕತಾಯಮ್ಮ ಮುದ್ದೆ, ಉಪ್ಪೆಸರು ಬಡಿಸಿದಳು. ಮೂರು ಮುದ್ದೆ ಉಂಡ. ಮಾರನೇ ದಿನದಿಂದ ಅವಳು ಬೋರಿಗೆ ಹೋಗಲಿಲ್ಲ.

ನಾಲ್ಕನೇ ವಾರ ಮಾದಶೆಟ್ಟಿಗೆ ವಾಂತಿ, ಭೇದಿ. ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಹೋದವರು ಮೂರನೇ ದಿನ ಹೊತ್ತುಕೊಂಡೇ ವಾಪಸು ಬಂದರು.

ಮಣ್ಣಿಗೆ ಗುಂಡಿ ತೋಡಿದವನು ಕೆಂಡಗಣ್ಣ. ಎಷ್ಟು ಬೇಗ ತೋಡಿದೆ ಅಂತ ಆವತ್ತು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ತಿಥಿಯ ಮಾರನೇ ಬೆಳಿಗ್ಗೆ ಗುರುಗಳು ಒಂದು ಮಡಕೆಗೆ ಕೆಂಡ ತುಂಬಿದರು. ಮೇಲೆ ಒದ್ದೆ ತೆಂಗಿನನಾರು ಹಾಕಿ, ಸಾಂಬ್ರಾಣಿ ಸುರಿದರು. ಕುಲುಮೆಯಿಂದ ಗಾಳಿ ಊದುವ ತಿದಿ ತರಿಸಿಟ್ಟಿದ್ದರು.

"ಪೈಪಿನ ಕೆಳಬಾಯಿಗೆ ಒದ್ದೆ ಗೋಣಿ ತುರುಕು. ಮೇಲಿನ ಚೇಂಬರಿಗೆ ಮಡಕೆ ಇಳಿಸು. ತಿದಿ ಒತ್ತು."

"ಯಾರ ಪೈಪಿಗೆ ಬುದ್ಧಿ?"

"ನಮ್ಮದಕ್ಕೆ."

"ನಮ್ಮದಕ್ಕೇನಾಗದೆ?"

"ಏನೂ ಆಗದಿದ್ರೆ ಹೊಗೆ ಒಳಗೇ ಇರ್ತದೆ."

ಒತ್ತಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಅವನಿಗೆ ಉಸಿರು ಬಂತು.

ಆಮೇಲೆ ಬಿಲ್ವದ ಬುಡದಲ್ಲಿ, ಕುಸಿದ ನೆಲದ ಬಿರುಕಿನಿಂದ, ಬೆಳ್ಳಗೆ ಒಂದು ಎಳೆ ಮೇಲೆದ್ದಿತು. ಗಮಗಮ ಅಂದಿತು. ಮರ ಸುತ್ತುತ್ತಿದ್ದ ಇಬ್ಬರು ಹೆಂಗಸರು "ಶಿವಶಿವಾ" ಅಂದು ಅಲ್ಲೇ ಉದ್ದಕ್ಕೆ ಅಡ್ಡಬಿದ್ದರು.

ಗುರುಗಳು ಆ ಕಡೆ ನೋಡಲಾರದೆ ಮುಖ ತಿರುಗಿಸಿಕೊಂಡರು.

"ಒತ್ತು."

"ಸಾಕು ಬುದ್ಧಿ. ಗೊತ್ತಾಯ್ತು."

"ಒತ್ತು."

ಕೆಳಗಿನಿಂದ ಚಿಕ್ಕತಾಯಮ್ಮನ ಕೂಗು ಕೇಳಿಸಿತು. "ಬುದ್ಧಿ! ನಮ್ಮ ಬಾವಿ ಕಲ್ಲು ಸಂದೀಲಿ ಸಾಂಬ್ರಾಣಿ ಹೊಗೆ ಬತ್ತಾ ಅದೆ!"

ಕೆಂಡಗಣ್ಣ ತಿದಿ ಬಿಟ್ಟು ಗುದ್ದಲಿ ಎತ್ತಿಕೊಂಡ.

ಮರದ ಬುಡ ಅಗೆದ. ಐದಡಿ ಕೆಳಗೆ ಅವನದೇ ಜಾಯಿಂಟು ಸಿಕ್ಕಿತು. ಆವತ್ತು ಅವಸರದಲ್ಲಿ ಗಮ್ಮು ಹಾಕದೆ ಬರೀ ತುರುಕಿದ್ದು ಅದು. ಬಿಟ್ಟುಕೊಂಡ ಸಂದಿಯಲ್ಲಿ ಬಿಲ್ವದ ಬೇರು ನುಗ್ಗಿ, ಜಡೆಯಂತೆ ಹೆಣೆದುಕೊಂಡು ಪೈಪು ತುಂಬಿತ್ತು. ಮಣ್ಣು ಕರ್ರಗೆ ಕೊಳೆತು, ಆ ಕಪ್ಪು ಸೀದಾ ಬಾವಿಯ ಕಡೆಗೆ ಇಳಿದಿತ್ತು.

ತೋಳುದಪ್ಪದ ಬೇರುಗಳನ್ನು ಕಡಿದ. ಬೇರು ತುಂಬಿದ ಭಾಗ ತೆಗೆದು ಹೊಸದು ಹಾಕಿದ. ಗುರುಗಳು ಚಿಕ್ಕತಾಯಮ್ಮನ ಮನೆಗೆ ಹೋಗಿ ಮಾದಶೆಟ್ಟಿಯ ರಸಮಟ್ಟ ಕೇಳಿ ತಂದಿದ್ದರು. ಅಡಿ ಅಡಿಗೂ ಇಟ್ಟು ನೋಡಿದ. ಒಂದೊಂದು ಜಾಯಿಂಟಿಗೂ ಗಮ್ಮು ಬಳಿದು, ಕೂಡಿಸಿ, ಒಣಗಲು ಬಿಟ್ಟ. ಕೆಳಬಾಯಿ ಬಿಗಿದು ನೀರು ತುಂಬಿಸಿ ಇಡೀ ದಿನ ಪಕ್ಕದಲ್ಲೇ ಕೂತ. ಒಂದು ಹನಿ ಇಳಿಯಲಿಲ್ಲ.

ಮಾರನೇ ದಿನ ಕೇಳಿದ. "ಮುಚ್ಚಲಾ ಬುದ್ಧಿ?"

"ಇನ್ನೊಂದು ಕಡೆ ಹೊಗೆ ಆಚೆ ಬರಬೇಕು, ನಿನ್ನೊಳಗಿಂದ. ಆಯಮ್ಮನ್ನ ಕರಿ."

ಆ ಹಾರೆಯ ಏಟು ಗುರುಗಳಿಗೆ ಹೇಗೆ ತಿಳಿಯಿತೋ, ಕೆಂಡಗಣ್ಣ ಕೇಳಲಿಲ್ಲ. ಹೋಗಿ ಕರೆದ.

ಚಿಕ್ಕತಾಯಮ್ಮ ಗುಂಡಿಯ ಅಂಚಲ್ಲಿ ಬಂದು ನಿಂತಳು. ಅವನು ಗುಂಡಿಯ ಒಳಗೆ ನಿಂತಿದ್ದ. ಊರಿನಲ್ಲಿ ಎಲ್ಲರಿಗಿಂತ ಎತ್ತರದ ಆಳು ಅವನು. ಅವಳ ಪಾದದ ಮಟ್ಟಕ್ಕೆ ಅವನ ಮುಖ ಇತ್ತು.

"ಅವ್ವ, ನಿಮ್ಮನೆ ಪೈಪು ಒಡೆದಿರಲಿಲ್ಲ. ನಾನು ಹಾರೇಲಿ ಒಡೆದೆ."

ಅವಳು ಬೈಯಲಿಲ್ಲ. ಅಳಲಿಲ್ಲ.

"ಹಂಗಾರೆ ಅವರ ಕೆಲಸ ಚೆನ್ನಾಗಿತ್ತಾ?"

"ಅಂಥ ಕೆಲಸ ನಾನು ನೋಡೇ ಇರಲಿಲ್ಲ ಕಣವ್ವ."

"ಆಸ್ಪತ್ರೇಲಿ ಮೂರು ದಿನವೂ ಅದೊಂದೇ ಮಾತು. ನನ್ನ ಕೈ ಕೆಟ್ಟೋಯ್ತು, ನಮ್ಮ ನೀರ ನಾನೇ ಕೆಡಿಸ್ದೆ ಅಂತ. ನನಗೆ ಮುಖ ತೋರಿಸಕ್ಕೆ ನಾಚ್ಕೊಂಡು ಗೋಡೆ ಕಡೆ ತಿರುಗಿ ಮಲಗ್ತಿದ್ರು." ಸೆರಗು ಬಿಗಿದುಕೊಂಡಳು. "ನಾಲ್ಕು ಜನದ ಮುಂದೆ ಬೇಡ ಕಣಪ್ಪ. ಅವರ ಕಿವೀಲಾದ್ರೂ ಹೇಳ್ಬೋದಾಗಿತ್ತು."

ಮಣ್ಣಿನ ಗುಡ್ಡೆ ಮೇಲಿದ್ದ ರಸಮಟ್ಟ ಎತ್ತಿಕೊಂಡಳು. ಸೆರಗಿನಿಂದ ಒರೆಸಿದಳು. ಇಳಿಜಾರಿನಲ್ಲಿ ನಿಧಾನಕ್ಕೆ ಇಳಿದು ಹೋದಳು. ಅವಳ ಬಾಗಿಲು ಹಾಕಿಕೊಂಡ ಸದ್ದು ಮೇಲಿನವರೆಗೂ ಕೇಳಿಸಿತು.

ಕೆಂಡಗಣ್ಣ ಗುಂಡಿಯಲ್ಲೇ ಕುಸಿದು ಕೂತ. ಬೇರು ಕಡಿದ ಬಿಲ್ವ ಆಗಲೇ ಎಲೆ ಉದುರಿಸಲು ಶುರು ಮಾಡಿತ್ತು. ಒಂದೊಂದಾಗಿ ಅವನ ತಲೆ ಮೇಲೆ, ಪೈಪಿನ ಮೇಲೆ ಬೀಳುತ್ತಿದ್ದವು.

"ಆರು ವರ್ಷದ ಹಿಂದೆ ನೀವು ಕೇಳಿದ್ರಿ ಬುದ್ಧಿ, ನೀರು ಬಿಟ್ಟು ನೋಡಿದೆಯಾ ಅಂತ. ನಾನು ಕೊಬ್ಬಿ ಮಾತಾಡಿದೆ. ಒಂದು ಸಲ ಗದರಿಸಿದ್ರೆ ಸಾಕಿತ್ತು. ಯಾಕೆ ಬಿಟ್ರಿ?"

ಗುರುಗಳು ಅಂಚಿನ ಮೇಲೆ ಕೂತು ಕಾಲು ಗುಂಡಿಗೆ ಇಳಿಬಿಟ್ಟರು. ಶಿಷ್ಯನ ಮುಖ ನೋಡಲಿಲ್ಲ.

"ಎಂಥಾ ಶಿಷ್ಯನ್ನ ಬೆಳೆಸಿದ್ದೀರಿ ಬುದ್ಧಿ ಅಂತ ಜನ ಬಂದು ಬಂದು ಹೇಳ್ತಿದ್ರು ಕಣಪ್ಪ. ನಂಗೂ ಅದು ಹಿತವಾಗಿತ್ತು."