ಹಲ್ಲಿಯೂ ಅಂಟುಪಟ್ಟಿಯೂ

ವಿಶ್ವವಿದ್ಯಾಲಯದ ಹಳೆಯ ನ್ಯಾನೋ ಪ್ರಯೋಗಾಲಯದ ಗೋಡೆಯ ಮೇಲೆ ಒಂದು ಮುದಿ ಹಲ್ಲಿಯಿತ್ತು. ಅದರ ಪಾದದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿರುವುದನ್ನು ಕಂಡೇ ಅಲ್ಲಿನವರು ಗೋಂದಿಲ್ಲದೆ ಅಂಟುವ ಪಟ್ಟಿಯೊಂದನ್ನು ಮಾಡಿದ್ದರು. ಹೊಸ ಕಟ್ಟಡಕ್ಕೆ ಹೋಗುವಾಗ ಯಂತ್ರ, ಮೇಜು, ಕುರ್ಚಿ ಎಲ್ಲವನ್ನೂ ಸಾಗಿಸಿದರು. ಗೋಡೆಗೆ ಹಚ್ಚಿದ್ದ ಪಟ್ಟಿಯ ತುಂಡೊಂದು ಮಾತ್ರ ಯಾರು ಎಳೆದರೂ ಬರದೆ ಅಲ್ಲೇ ಉಳಿಯಿತು. ಸೋಮವಾರ ಆ ಗೋಡೆಯನ್ನು ಕೆಡವುವವರಿದ್ದರು.

ಹಲ್ಲಿಗೆ ಹಳೆಯ ದಿನಗಳದೇ ಧ್ಯಾನ. "ಭೌತಶಾಸ್ತ್ರದವರು, ರಸಾಯನದವರು, ಎಂಜಿನಿಯರುಗಳು ಒಂದೇ ಮೇಜಿಗೆ ಕೂತು, ಬೈಟೂ ಕಾಫಿ ಹಂಚಿಕೊಂಡು ಜಗಳವಾಡುತ್ತಿದ್ದರು," ಎಂದಿತು. "ನಾನು ಲೊಚಗುಟ್ಟಿದರೆ ಸಾಕು, ಪ್ರಾಣಿಶಾಸ್ತ್ರದ ಸುಭದ್ರಾ ಮೇಡಂ ಮೇಜು ತಟ್ಟಿ, 'ಕೃಷ್ಣ ಕೃಷ್ಣ, ಹಲ್ಲಿಯೇ ನುಡಿದಾಯ್ತು, ಇನ್ನು ವಾದ ಬೇಡ, ಮಾಡಿ ನೋಡೋಣ' ಅನ್ನುತ್ತಿದ್ದರು. ಈಗ ಲೊಚಗುಟ್ಟಿದರೆ ತಟ್ಟುವವರಿಲ್ಲ."

"ನನ್ನನ್ನು ಇಲ್ಲಿ ಒತ್ತಿದ್ದೂ ಅವರ ಹೆಬ್ಬೆರಳೇ," ಎಂದಿತು ಪಟ್ಟಿ.

"ಒತ್ತಿದರು, ಆದರೆ ನೀನು ಕಲಿತದ್ದು ಅರ್ಧ ವಿದ್ಯೆ. ಅಂಟುವುದು ಮೇಣಕ್ಕೂ ಬರುತ್ತದೆ. ಹೆಜ್ಜೆಹೆಜ್ಜೆಗೂ ಬಿಡುವುದು ನಮ್ಮ ಕುಲದ ವಿದ್ಯೆ."

"ನಿಜ, ಅಜ್ಜ. ಬಿಡಲು ಬಾರದ್ದಕ್ಕೇ ನಾನು ಇಲ್ಲಿ ಉಳಿದೆ. ಬಿಡಲು ಬಲ್ಲ ನೀವು ಯಾಕೆ ಉಳಿದಿರಿ?"

ಹಲ್ಲಿ ಮೇಜು ಇದ್ದ ಜಾಗವನ್ನೇ ಬಹಳ ಹೊತ್ತು ನೋಡಿತು. ಆಮೇಲೆ ಒಂದು ಕಾಲೆತ್ತಿತು. ಎತ್ತಿದ ಕಾಲನ್ನು ಮತ್ತೆ ಅದೇ ಜಾಗದಲ್ಲಿ ಊರಿತು.