ಹುಂಜ ಹಿಡಿದ ಮಾಯಿಗನಿಗೆ ಕಸಗುಡಿಸೋ ಶಿಕ್ಷೆ

ಕೆಂಪಾಜಮ್ಮನಿಗೆ ಒಬ್ಬನೇ ಮಗ, ಮಾಯಿಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಸಂಕಟ ಕಣ್ರಪ್ಪಾ!

ಸಂತೆಯಲ್ಲಿ ಯಾವನೋ ಕಳ್ಳ, "ಹಿಡ್ಕೊಂಡಿರು, ಬಿಡಬ್ಯಾಡ" ಅಂತ ಒಂದು ಹುಂಜ ಕೊಟ್ಟು ಓಡಿಹೋದ. ಹುಂಜದ ಯಜಮಾನ ಬಂದ, ಪೊಲೀಸರು ಬಂದರು. ಮಾಯಿಗ ಬಿಡಲಿಲ್ಲ! ಕೋರ್ಟಿಗೂ ಹುಂಜ ಹಿಡಿದುಕೊಂಡೇ ಹೋದ.

ಜಡ್ಜ್ ಸಾಹೇಬರು ನೋಡಿದರು. "ಇವನನ್ನ ಜೈಲಿಗೆ ಹಾಕಿ ಏನು ಬಂತು? ಈಗ ಹೊಸ ಕಾನೂನಿದೆ. ಒಂದು ತಿಂಗಳು ಸರ್ಕಾರಿ ಆಸ್ಪತ್ರೆ ಅಂಗಳ ಗುಡಿಸಲಿ. ಕೆಲಸ ಕೆಟ್ಟರೆ ಜೈಲೇ!"

ಇವನ ಮೇಲೆ ಕಣ್ಣಿಡೋಕೆ ಪ್ರೊಬೇಷನ್ ಆಫೀಸರ್ ದಾಕ್ಷಾಯಿಣಿ ಮೇಡಂ. ಅವ್ವ ಅವರ ಮುಂದೆ ಅತ್ತೇಬಿಟ್ಟಳು. "ಇವ ಜೈಲಲ್ಲಿ ಬದುಕಾಕಿಲ್ಲ ಕಣ್ರವ್ವಾ. ಅಲ್ಲಿ ಯಾರಾರಾ ಸಾಯಿ ಅಂದ್ರೆ ಸತ್ತೇ ಹೋಯ್ತಾನೆ!"

"ನಾನಿದೀನಿ ಬಿಡಮ್ಮ" ಅಂದರು ಮೇಡಂ. "ಲೋ ಮಾಯಿಗ, ನೆಲದ ಮೇಲೆ ಏನೊಂದೂ ಬಿದ್ದಿರಬಾರದು!"

ಒಂದೂ ಬಿಡಲಿಲ್ಲ ಪುಣ್ಯಾತ್ಮ. ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಗಳನ್ನೆಲ್ಲ ಬಾಚಿ ಕಸದ ಗುಂಡಿಗೆ ಹಾಕಿದ. ಡಾಕ್ಟರು ಬರಿಗಾಲಲ್ಲಿ ಕುಣಿದರು!

"ಅಯ್ಯೋ ಪೆದ್ದೇ! ಯಾರದು ಅಂತ ಕೇಳಿ ಎತ್ತಬೇಕು!" ಅಂದರು ಮೇಡಂ.

ಮಾರನೇ ದಿನ ಕೇಳಿದ. ಒಂದೊಂದೇ ಒಣಗಿದ ಎಲೆ ಹಿಡಿದು ಮಂಚಮಂಚಕ್ಕೂ ಹೋದ. "ಅಣ್ಣಾ, ಇದು ನಿಮ್ದಾ? ಅಜ್ಜೀ, ಇದು ನಿಮ್ದಾ?" ಮೂರು ದಿನದಿಂದ ಬಾಯಿ ಬಿಡದ ಅಜ್ಜಿ ನಕ್ಕು, "ನಂದೇ ಕೊಡು ಮಗಾ" ಅಂತ ಇಸ್ಕೊಂಡಳು. ಅಂಗಳ ಮಾತ್ರ ಹಾಗೇ ಇತ್ತು.

ಮೇಡಂ ಹಣೆ ಚಚ್ಚಿಕೊಂಡರು. ಆದರೂ ಕೈಬಿಡಲಿಲ್ಲ. ದಿನಾ ಬಂದು, ಪಕ್ಕ ನಿಂತು, ಎತ್ತೋದು ಯಾವುದು, ಬಿಡೋದು ಯಾವುದು ಅಂತ ತೋರಿಸಿದರು. ತಿಂಗಳು ಮುಗಿಯಿತು. ಮತ್ತೆ ಕೋರ್ಟಿಗೆ ಹೋಗೋ ದಿನ ಮೇಡಂ ಹೇಳಿಕೊಟ್ಟರು.

"ನೋಡು, ಸಾಹೇಬರು ಏನೇ ಕೇಳಲಿ, 'ತಪ್ಪಾಯ್ತು ಸ್ವಾಮಿ, ಇನ್ನು ಮಾಡಲ್ಲ' ಅನ್ನು!"

ಕೋರ್ಟಲ್ಲಿ ಜಡ್ಜ್ ಸಾಹೇಬರು ಕೇಳಿದರು, "ಅಂಗಳ ಗುಡಿಸಿದೆಯೇನೋ?"

"ತಪ್ಪಾಯ್ತು ಸ್ವಾಮಿ, ಇನ್ನು ಮಾಡಲ್ಲ!"

"ಅವ್ವನ್ನ ಚೆನ್ನಾಗಿ ನೋಡ್ಕೋತೀಯಾ?"

"ತಪ್ಪಾಯ್ತು ಸ್ವಾಮಿ, ಇನ್ನು ಮಾಡಲ್ಲ!"

ಅವ್ವ ತಲೆ ಮೇಲೆ ಕೈ ಹೊತ್ತಳು. ಮೇಡಂ ಎದ್ದು ನಿಂತರು. "ಬುದ್ಧಿ ಕಮ್ಮಿ ಸ್ವಾಮಿ. ಆದ್ರೆ ಒಂದು ದಿನಾನೂ ತಪ್ಪಿಸಿಲ್ಲ. ಆಸ್ಪತ್ರೆಯವರು ಇವನನ್ನೇ ಕೆಲಸಕ್ಕೆ ಕೇಳ್ತಿದಾರೆ."

ಸಾಹೇಬರು ನಗು ತಡೆದುಕೊಂಡರು. "ಹೋಗಯ್ಯಾ, ಬಿಡುಗಡೆ! ಇನ್ಮೇಲೆ ಯಾರು ಹಿಡ್ಕೋ ಅಂದರೂ ಏನನ್ನೂ ಹಿಡ್ಕೋಬೇಡ!"

ಸಂತೋಷಕ್ಕೆ ಅವ್ವನ ಕಣ್ಣು ಮಂಜಾಗಿ, ಕೋರ್ಟಿನ ಮೆಟ್ಟಿಲಲ್ಲಿ ಕಾಲು ತಡವರಿಸಿತು. "ಮಗಾ, ಕೈ ಹಿಡ್ಕಳ್ಳೋ!"

ಮಾಯಿಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಊಹೂಂ! ಯಾರು ಅಂದ್ರೂ ಹಿಡ್ಕಬ್ಯಾಡ ಅಂದವ್ರೆ ಸಾಯೇಬ್ರು!"

ದೊಪ್ಪನೆ ಮೆಟ್ಟಿಲ ಮೇಲೇ ಕೂತಳು ಅವ್ವ. ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಆಮೇಲೆ ಅವನ ಬೆನ್ನ ಹಿಂದಕ್ಕೆ ಕೈ ಹಾಕಿ, ಮುಂಗೈ ಗಟ್ಟಿಯಾಗಿ ಹಿಡಿದಳು.

"ನೀ ಹಿಡ್ಕಬ್ಯಾಡ ಕಂದಾ. ನಾನೇ ಹಿಡ್ಕತೀನಿ, ನಡಿ."