ಮತ್ತೊಮ್ಮೆ ಬಿಚ್ಚಿದ ಬಾಯ್ಲರ್

"ಗುರುಗಳೇ, ಮನಸ್ಸು ಶಾಂತವಾಗುವವರೆಗೆ ನಾನು ಔಷಧ ಕೊಡುವುದನ್ನು ನಿಲ್ಲಿಸಬಹುದೇ?" ಎಂದು ಶಿಷ್ಯ ಕೇಳಿದ.

ಅವನು ಗುರುವಿನ ಬಳಿ ವೈದ್ಯ ಕಲಿತವನು. ಹಿಂದೆ ಅವನು ಅವಸರದಲ್ಲಿ ಕೊಟ್ಟ ಔಷಧದಿಂದ ಒಬ್ಬ ಹೆಂಗಸು ಬಹಳ ನರಳಿದ್ದಳು. ಈಗ ಅವಳು ಗುಣವಾಗಿದ್ದಳು, ಅವನನ್ನು ಕ್ಷಮಿಸಿಯೂ ಇದ್ದಳು. ಆದರೂ ಬಟ್ಟಲು ಹಿಡಿದರೆ ಅವನಿಗೆ ಅದೇ ನೆನಪಾಗುತ್ತಿತ್ತು. ಅಳೆದ ಔಷಧವನ್ನು ಮತ್ತೆ ಅಳೆಯುತ್ತಿದ್ದ, ಕೊನೆಗೆ ಚೆಲ್ಲುತ್ತಿದ್ದ. ರೋಗಿಗಳು ಬಾಗಿಲಲ್ಲಿ ಕಾದು ಹಿಂತಿರುಗುತ್ತಿದ್ದರು.

ಗುರು ಹೇಳಿದರು:

ಬಯಲುಸೀಮೆಯಲ್ಲಿ ಒಂದು ಸಣ್ಣ ರೈಲುದಾರಿಯಿತ್ತು. ಅದರ ಎರಡು ಹಳಿಗಳ ನಡುವೆ ಒಂದು ಎತ್ತಿನ ಗಾಡಿಯಷ್ಟೂ ಅಗಲವಿರಲಿಲ್ಲ. ಅದರ ಮೇಲೆ ಒಂದು ಪುಟ್ಟ ಉಗಿ ಎಂಜಿನ್ ಓಡುತ್ತಿತ್ತು. ಪಿಳ್ಳಣ್ಣ ಎಂಬ ಫಿಟ್ಟರ್ ಅದರ ರಿಪೇರಿ ನೋಡಿಕೊಳ್ಳುತ್ತಿದ್ದ. ದಸ್ತಗೀರ್ ಎಂಬ ಫೈರ್‌ಮನ್ ಅದಕ್ಕೆ ಕಲ್ಲಿದ್ದಲು ಹಾಕುತ್ತಿದ್ದ.

ಒಂದು ಬೆಳಿಗ್ಗೆ ಬಾಯ್ಲರಿನ ಒಂದು ಕೊಳವೆಯ ಅಂಚು ಒದ್ದೆಯಾಗಿದ್ದುದು ಪಿಳ್ಳಣ್ಣನ ಕಣ್ಣಿಗೆ ಬಿತ್ತು. ರೈಲು ಹೊರಡುವ ಹೊತ್ತಾಗಿತ್ತು. ನಾಳೆ ನೋಡಿದರಾಯಿತು ಎಂದುಕೊಂಡ. ದಾರಿಯಲ್ಲಿ ಕೊಳವೆ ಒಡೆಯಿತು. ಕುದಿಯುವ ನೀರು ಕಲ್ಲಿದ್ದಲು ಹಾಕುವ ಬೆಂಕಿಯ ಬಾಗಿಲಿನಿಂದ ಹೊರಕ್ಕೆ ಚಿಮ್ಮಿತು. ದಸ್ತಗೀರನ ಎರಡೂ ತೋಳುಗಳು ಬೆಂದವು.

ಪಿಳ್ಳಣ್ಣ ಆಸ್ಪತ್ರೆಗೆ ಹೋಗಿ, ತಾನು ಕಂಡೂ ಬಿಟ್ಟೆನೆಂದು ಒಪ್ಪಿಕೊಂಡ. ದಸ್ತಗೀರ್ ಕೆಲಕಾಲ ಅವನ ಮುಖ ನೋಡಲಿಲ್ಲ. ಆಮೇಲೆ ತಾನಾಗಿಯೇ ಅವನ ಮನೆಗೆ ಬಂದು ಊಟ ಮಾಡಿ ಹೋದ. ಅವರ ನಡುವೆ ಆ ಮಾತು ಮತ್ತೆ ಬರಲಿಲ್ಲ.

ಮುಂದೆ ಆ ದಾರಿ ಮುಚ್ಚಿತು. ಎಂಜಿನ್ ಶೆಡ್ಡಿನಲ್ಲಿ ತುಕ್ಕು ಹಿಡಿಯಿತು. ಇಬ್ಬರೂ ಮುದುಕರಾದರು. ಆಗ, ಆ ದಾರಿಯನ್ನು ತೆರೆದು ಹಳೆಯ ಎಂಜಿನ್ನನ್ನು ಮತ್ತೆ ಓಡಿಸಬೇಕೆಂದು ರೈಲ್ವೆಯ ಮೇಲಿನವರು ತೀರ್ಮಾನಿಸಿದರು. ಅದರ ಒಳಹೊರಗು ಬಲ್ಲವನು ಪಿಳ್ಳಣ್ಣ. ಅವನನ್ನು ಕರೆಸಿದರು. ಎಂಜಿನ್ ಎದ್ದರೆ ಕಲ್ಲಿದ್ದಲು ತಾನೇ ಹಾಕುತ್ತೇನೆಂದು ದಸ್ತಗೀರನೂ ಬಂದು ನಿಂತ.

ಪಿಳ್ಳಣ್ಣ ಎಂಜಿನ್ನನ್ನು ಪೂರ್ತಿ ಬಿಚ್ಚಿದ. ತುಕ್ಕು ಕೆರೆದ. ಸವೆದುದನ್ನು ಬದಲಿಸಿದ. ಬಾಯ್ಲರಿಗೆ ಹೊಸ ಕೊಳವೆಗಳನ್ನು ಕೂರಿಸಿದ. ಕೊಳವೆಯ ತುದಿಯನ್ನು ಒಳಗಿನಿಂದ ಹಿಗ್ಗಿಸಿ ತೂತಿಗೆ ಬಿಗಿಯಬೇಕು. ಹದವಾಗಿ ಒಮ್ಮೆ ಬಿಗಿದರೆ ಸಾಕು. ಹಾಗೆಯೇ ಬಿಗಿದ. ಅಧಿಕಾರಿ ಬಂದು ಬಾಯ್ಲರಿಗೆ ನೀರು ತುಂಬಿಸಿ, ಒತ್ತಡ ಏರಿಸಿ ನೋಡಿದರು. ಒಂದು ಹನಿಯೂ ಸೋರಲಿಲ್ಲ. ಬೆಂಕಿ ಹಾಕಬಹುದು ಎಂದರು.

ಪಿಳ್ಳಣ್ಣ ಬೆಂಕಿ ಹಾಕಲು ಬಿಡಲಿಲ್ಲ. ಇನ್ನೊಮ್ಮೆ ನೋಡುತ್ತೇನೆ ಎಂದ. ನೀರು ಇಳಿಸಿ ಒಳಗೆ ತೂರಿಕೊಂಡ. ಒಂದೊಂದು ತುದಿಯನ್ನೂ ಮತ್ತೆ ಬಿಗಿದ. ಮನೆಗೆ ಹೋದರೆ ಅನ್ನ ಸೇರುತ್ತಿರಲಿಲ್ಲ. ಯಾವುದೋ ಒಂದು ಕೊಳವೆ ತಪ್ಪಿಹೋಯಿತು ಎನಿಸುತ್ತಿತ್ತು. ಎದ್ದು ಶೆಡ್ಡಿಗೆ ಬರುತ್ತಿದ್ದ. ಬಿಗಿದುದನ್ನೇ ಮತ್ತೆ ಬಿಗಿಯುತ್ತಿದ್ದ. ಈ ತಿಂಗಳಲ್ಲಿ ಉಗಿ ಏಳದಿದ್ದರೆ ಎಂಜಿನ್ನಿಗೆ ಬಣ್ಣ ಬಳಿದು ಉದ್ಯಾನದಲ್ಲಿ ನಿಲ್ಲಿಸುತ್ತೇವೆ ಎಂದು ಅಧಿಕಾರಿ ಹೇಳಿಹೋದರು. ಅದೂ ಅವನ ಕಿವಿಗೆ ಇಳಿಯಲಿಲ್ಲ.

ಒಂದು ದಿನ ಅವನೇ ನೀರು ತುಂಬಿಸಿ ಒತ್ತಡ ಏರಿಸಿದ. ಒಂದು ಕೊಳವೆಯ ತುದಿಯಿಂದ ನೀರು ಇಳಿಯಿತು.

"ನೋಡಿದೆಯಾ! ನನ್ನ ಅನುಮಾನ ಸುಳ್ಳಾಗಲಿಲ್ಲ," ಎಂದು ಪಿಳ್ಳಣ್ಣ ದಸ್ತಗೀರನಿಗೆ ಕೂಗಿ ಹೇಳಿದ. ಅವನ ದನಿಯಲ್ಲಿ ಸಂತೋಷವೇ ಇತ್ತು. ಮತ್ತೆ ಒಳಗೆ ಹೋಗಿ ಆ ಅಂಚಿನ ಮೇಲೆ ಬೆರಳಾಡಿಸಿದ. ಬಿಗಿದು ಬಿಗಿದು ಲೋಹ ಕಾಗದದಷ್ಟು ತೆಳ್ಳಗಾಗಿ ಸೀಳಿತ್ತು. ಅವನು ಹೊರಗೆ ಬಂದು ನೆಲದ ಮೇಲೆ ಕುಳಿತುಬಿಟ್ಟ.

ದಸ್ತಗೀರ್ ಪಕ್ಕದಲ್ಲಿ ಕುಳಿತ.

"ಅಂದು ಕೈ ಹಚ್ಚದೆ ಒಡೆದೆ. ಇಂದು ಕೈ ಹಚ್ಚಿ ಹಚ್ಚಿ ಒಡೆದಿದ್ದೀಯ," ಎಂದ. "ಎರಡು ಸಲವೂ ನನ್ನನ್ನು ನೆನೆಯಲಿಲ್ಲ ನೀನು. ಅಂದು ನಿನಗೆ ಅವಸರ, ಇಂದು ನಿನಗೆ ಭಯ. ನಾನು ಕಲ್ಲಿದ್ದಲು ಹಾಕಲು ಬಂದವನು, ಪಿಳ್ಳಣ್ಣ. ತೋಳಿನಲ್ಲಿ ಇನ್ನೂ ಸ್ವಲ್ಪ ಶಕ್ತಿಯಿದೆ. ಅದು ಹೋಗುವುದರೊಳಗೆ ಹಾಕಿಸು."

ಪಿಳ್ಳಣ್ಣ ಎದ್ದು ತೆಳ್ಳಗಾದ ಕೊಳವೆಗಳನ್ನೆಲ್ಲ ಹೊರಗೆ ತೆಗೆದ. ಹೊಸವನ್ನು ಕೂರಿಸಿದ. ಒಮ್ಮೆ ಬಿಗಿದ. ಕೈ ಮತ್ತೆ ಹತಾರದ ಕಡೆಗೆ ಹೋಯಿತು. ಹತಾರವನ್ನು ದಸ್ತಗೀರನ ಕೈಗೆ ಕೊಟ್ಟು, ಅಧಿಕಾರಿಯನ್ನು ಕರೆಸು ಎಂದ.

ಎಂಜಿನ್ ಹೊರಟ ದಿನ ಜನ ಹಳಿಯ ಉದ್ದಕ್ಕೂ ನಿಂತಿದ್ದರು. ಪಿಳ್ಳಣ್ಣ ಅವರನ್ನು ನೋಡಲಿಲ್ಲ. ದಸ್ತಗೀರನ ಪಕ್ಕದಲ್ಲಿ, ನೀರು ಚಿಮ್ಮಿದರೆ ಮೊದಲು ತನಗೇ ತಾಗುವ ಜಾಗದಲ್ಲಿ ನಿಂತಿದ್ದ. ಬಾಯ್ಲರಿನ ಪ್ರತಿಯೊಂದು ಸದ್ದಿಗೂ ಬೆಚ್ಚುತ್ತಿದ್ದ. ನಿಲ್ದಾಣ ಬಂದಾಗಲೆಲ್ಲ ಬೆಂಕಿಯ ಬಾಗಿಲು ತೆರೆದು ಇಣುಕುತ್ತಿದ್ದ. ಸರಿಯಾಗಿದೆ ಎಂದು ಕಂಡರೆ ಬಾಗಿಲು ಮುಚ್ಚಿ, ಹೊರಡಲಿ ಎಂದು ಕೈ ಎತ್ತುತ್ತಿದ್ದ.

ಗುರು ಅಲ್ಲಿಗೆ ನಿಲ್ಲಿಸಿದರು.

"ಕೊನೆಗಾದರೂ ಅವನ ಮನಸ್ಸು ಶಾಂತವಾಯಿತೇ?" ಎಂದು ಶಿಷ್ಯ ಕೇಳಿದ.

"ಇಲ್ಲ," ಎಂದರು ಗುರು. "ರೈಲು ಊರು ತಲುಪಿತು."

ಶಿಷ್ಯ ಎದ್ದು, ರೋಗಿಗಳು ಕಾಯುತ್ತಿದ್ದ ಬಾಗಿಲ ಕಡೆಗೆ ನಡೆದ.